ದುಡ್ಡು ಖಾತೆಗೆ ಬಂದ ಮೇಲೆಯೇ ಹಪ್ಪಳ ಕಟ್ಟಿ

ಕಾಸರಗೋಡಿನ ಪೆರ್ಲದ ಹತ್ತಿರದಿಂದ ಓದುಗರೊಬ್ಬರು ಬರೆದಿದ್ದಾರೆ. ಹಲಸಿನ ಹಪ್ಪಳ, ಅಡಿಕೆ ಹಾಳೆಯ ತಟ್ಟೆ ಮಾಡಿ ವಾಟ್ಸಾಪ್‌ನಲ್ಲಿ ಮಾರುತ್ತಾರೆ. ಬೆಂಗಳೂರಿನ ಒಬ್ಬ 500 ಹಪ್ಪಳ ಕೇಳಿದ, ದುಡ್ಡು ಹಾಕಿದ್ದೇನೆ ಅಂತ ಸ್ಕ್ರೀನ್‌ಶಾಟ್ ಕಳಿಸಿದ, ಇವರು ಕೊರಿಯರ್ ಮಾಡಿದರು. ದುಡ್ಡು ಬಂದೇ ಇರಲಿಲ್ಲ. ಆಮೇಲೆ ಇನ್ನೊಬ್ಬ, ತಟ್ಟೆಗೆ 800 ರೂಪಾಯಿ ಹಾಕುವ ಬದಲು ಕೈತಪ್ಪಿ 8,000 ಹಾಕಿದೆ, ಉಳಿದದ್ದು ವಾಪಸ್ ಕೊಡಿ ಅಂದ. ಮೊಬೈಲಿಗೆ ಬಂದ ಮೆಸೇಜ್ ನಂಬಿ 7,200 ಕಳಿಸಿದರು. ಅದೂ ಸುಳ್ಳು. ‘ಮನೆಯಲ್ಲಿ ಹೇಳಿಲ್ಲ. ಈ ವ್ಯಾಪಾರವೇ ಬಿಟ್ಟುಬಿಡಲಾ?’ ಅಂತ ಕೇಳಿದ್ದಾರೆ.

ಬಿಡಬೇಡಿ ಅಕ್ಕಾ. ಹಲಸಿನಕಾಯಿ ಕೊಯ್ದು, ಮೇಣ ಒರೆಸಿ, ಸೊಳೆ ಬಿಡಿಸಿ ಬೇಯಿಸಿ, ರುಬ್ಬಿ, ಒಂದೊಂದೇ ಒತ್ತಿ, ಮಳೆ ಬರುವ ಮೊದಲು ಅಂಗಳದಲ್ಲಿ ಒಣಗಿಸಿದ ಹಪ್ಪಳ ಅದು. ಕಳ್ಳನಿಗೆ ಹೆದರಿ ನೀವೇಕೆ ಬಿಡಬೇಕು?

‘ಸ್ಕ್ರೀನ್‌ಶಾಟ್ ಕಳಿಸಿದವರನ್ನು ಮತ್ತೆ ಹೇಗೆ ಕೇಳುವುದು, ಏನೆಂದುಕೊಳ್ಳುತ್ತಾರೋ’ ಅಂತ ಬರೆದಿದ್ದೀರಲ್ಲ, ನನಗೆ ತುಂಬಾ ಬೇಜಾರಾದದ್ದು ಅಲ್ಲಿ. ನಮ್ಮ ಕಡೆಯವರಿಗೆ ದುಡ್ಡಿನ ವಿಷಯ ಬಾಯಿಬಿಟ್ಟು ಕೇಳಲು ದಾಕ್ಷಿಣ್ಯ ಜಾಸ್ತಿ. ಈ ಕಳ್ಳರ ಹೊಟ್ಟೆ ತುಂಬುವುದೇ ಅದರಿಂದ. ಸ್ಕ್ರೀನ್‌ಶಾಟ್ ಬರೀ ಚಿತ್ರ, ಅದನ್ನು ತಯಾರಿಸಿ ಕೊಡುವ ನಕಲಿ ಆ್ಯಪ್‌ಗಳೇ ಇವೆ. ಮೆಸೇಜೂ ಅಷ್ಟೇ, ಯಾರು ಬೇಕಾದರೂ ಟೈಪ್ ಮಾಡಿ ಕಳಿಸಬಹುದು. ಹತ್ತಂಕಿಯ ಮೊಬೈಲ್ ನಂಬರಿನಿಂದ ‘ಹಣ ಜಮಾ ಆಗಿದೆ’ ಅಂತ ಬಂದರೆ ನಂಬಲೇಬೇಡಿ. ನಿಮ್ಮ ಆ್ಯಪ್ ತೆರೆದು ಬ್ಯಾಲೆನ್ಸ್ ನೋಡಿ. ‘ದುಡ್ಡು ಇನ್ನೂ ಬಂದಿಲ್ಲ, ಬಂದ ಮೇಲೆ ಪಾರ್ಸೆಲ್ ಕಟ್ಟುತ್ತೇನೆ’ ಅಂತ ನೇರ ಹೇಳಿ. ನಿಜವಾದ ಗಿರಾಕಿ ಇದಕ್ಕೆ ಮುನಿಸಿಕೊಳ್ಳುವುದಿಲ್ಲ. ಅರ್ಜೆಂಟ್, ಆಸ್ಪತ್ರೆಯಲ್ಲಿದ್ದೇನೆ, ಈಗಲೇ ಕಳಿಸಿ ಅಂತ ಅವಸರ ಮಾಡುವವನ ಮೇಲೆ ಸಂಶಯ ಇರಲಿ.

ಒಂದು ವೇಳೆ ನಿಜವಾಗಿಯೂ ಜಾಸ್ತಿ ದುಡ್ಡು ಬಂದರೂ ನೀವಾಗಿ ವಾಪಸ್ ಹಾಕಬೇಡಿ. ಅದು ಬೇರೆ ಯಾರಿಗೋ ಮೋಸ ಮಾಡಿ ತಂದ ದುಡ್ಡೂ ಆಗಿರಬಹುದು, ಬ್ಯಾಂಕಿನ ಮೂಲಕವೇ ಹೋಗಲಿ. ಇನ್ನು, ದುಡ್ಡು ಬರಲು ಯುಪಿಐ ಪಿನ್ ಬೇಡ. ಪಿನ್ ಒತ್ತಿದಿರಿ ಅಂದರೆ ನಿಮ್ಮ ಖಾತೆಯಿಂದ ಹೋಯಿತು ಅಂತಲೇ ಲೆಕ್ಕ, ಕ್ಯೂಆರ್ ಕೋಡ್ ಕಳಿಸಿದವನು ಏನೇ ಹೇಳಲಿ. ಪಾರ್ಸೆಲ್‌ನಲ್ಲಿ ಕಡಿಮೆ ಇತ್ತು ಅನ್ನುವವರೂ ಇರುತ್ತಾರೆ, ತೂಗಿ ಕಟ್ಟುವಾಗ ವಿಡಿಯೋ ಮಾಡಿಟ್ಟುಕೊಳ್ಳಿ.

ದೂರು ಕೊಟ್ಟಿಲ್ಲ ಅಂದಿರಿ. ಇವತ್ತೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಹೋದ ಕೂಡಲೇ ಹೇಳಿದ್ದರೆ ಆ ಖಾತೆಯಲ್ಲಿ ದುಡ್ಡು ತಡೆಹಿಡಿಯುವ ಅವಕಾಶ ಹೆಚ್ಚಿತ್ತು, ಈಗ ಕಷ್ಟ, ಆದರೂ ಅವನ ನಂಬರ್ ದಾಖಲಾಗುತ್ತದೆ. ಹಪ್ಪಳ ಹೊಡೆದವನದ್ದೂ ವಂಚನೆಯೇ, ಭಾರತೀಯ ನ್ಯಾಯ ಸಂಹಿತೆಯ 318ನೇ ಸೆಕ್ಷನ್ ಇದೆ. ಬ್ಯಾಂಕ್ ಸ್ಟೇಟ್‌ಮೆಂಟ್, ದುಡ್ಡು ಕಳಿಸಿದ್ದಕ್ಕೆ ಆ್ಯಪ್‌ನಲ್ಲಿ ತೋರಿಸುವ 12 ಅಂಕಿಯ ಯುಟಿಆರ್ ನಂಬರ್, ಕೊರಿಯರ್ ರಸೀದಿ, ಚಾಟ್ ಎಲ್ಲ ಇಟ್ಟುಕೊಂಡು ಸ್ಟೇಷನ್‌ಗೂ ಹೋಗಿ. ಮನೆಯಲ್ಲಿ ಹೇಳಿ, ಯಾರನ್ನಾದರೂ ಜೊತೆಗೆ ಕರೆದುಕೊಂಡು ಹೋಗಿ. ಮಲಯಾಳ ಬರೆಯಲು ಬಾರದಿದ್ದರೆ ಚಿಂತೆ ಬೇಡ. ಕಾಸರಗೋಡಿನ ಸರಕಾರಿ ಕಚೇರಿಗಳಿಗೆ ಕನ್ನಡದಲ್ಲಿ ಬರೆಯುವ ಹಕ್ಕು 1969ರ ಕೇರಳ ಭಾಷಾ ಕಾಯ್ದೆಯ ಕಾಲದಿಂದಲೇ ಕಾನೂನಿನಲ್ಲಿ ಇದೆ. ಯಾರಾದರೂ ತಕರಾರು ಮಾಡಿದರೆ ನಮಗೆ ಒಂದು ಫೋನ್ ಮಾಡಿ, ದೂರು ಬರೆಯಲು ನಾವೇ ಸಹಾಯ ಮಾಡುತ್ತೇವೆ.