ಜೇಡದ ಕೊನೆಯ ಕಾಲು

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಮೂರನೇ ಕ್ಲಾಸಿನ ಹುಡುಗ. ಹದಿನೈದು ದಿನದಿಂದ ರಾತ್ರಿ ಒಬ್ಬನೇ ಬಚ್ಚಲಿಗೆ ಹೋಗುತ್ತಿಲ್ಲ, ಅಜ್ಜಿಯ ಸೆರಗು ಹಿಡಿದೇ ಮಲಗುತ್ತಾನೆ ಎಂದು ಅಪ್ಪ ಅಮ್ಮ ಆಪ್ತಸಲಹೆಗೆಂದು ನನ್ನ ಬಳಿ ಕರೆತಂದರು. ರಜೆಗೆ ಬಂದಿದ್ದ ದೊಡ್ಡಮ್ಮನ ಮಗ ಟ್ಯಾಬ್‌ನಲ್ಲಿ ‘ಲಿಂಬೊ’ ಎಂಬ ವಿಡಿಯೊ ಗೇಮ್ ಹಾಕಿಕೊಟ್ಟು ಹೋಗಿದ್ದ. ಅಮ್ಮನಿಗೆ ಅದರ ಮೇಲೇ ಅನುಮಾನ. ಅಪ್ಪ ಒಪ್ಪಲಿಲ್ಲ: “ಇದ್ರಲ್ಲಿ ಆಡೋನ ಕೈಲಿ ಗನ್ನೇ ಇಲ್ಲ ಮೇಡಂ. ಬರೀ ಕಪ್ಪು ಬಿಳುಪು, ಮಾರಿಯೊ ಥರ ಹಾರೋದು. ಇವನು ಇವತ್ತಿನವರೆಗೂ ಯಾರ ಮೇಲೂ ಕೈ ಎತ್ತಿಲ್ಲ.”

ಅವರು ಹೇಳಿದ್ದು ಸುಳ್ಳಲ್ಲ. ಹಿಂಸೆಯ ಆಟಗಳಿಂದಲೇ ಜನ ನಿಜವಾದ ಹಿಂಸೆಗೆ ಇಳಿಯುತ್ತಾರೆ ಎನ್ನಲು ಪುರಾವೆ ಸಾಲದು ಎಂದು ಅಲ್ಲಿನ ಮನಶ್ಶಾಸ್ತ್ರಜ್ಞರ ಸಂಘವಾದ ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಷನ್ 2020ರಲ್ಲಿ ಹೇಳಿತು. ಕಿರುಚುವುದು, ತಳ್ಳುವುದರಂಥ ವರ್ತನೆಯ ಜೊತೆ ಸಣ್ಣ ನಂಟಿದೆ ಎಂದೂ ಸೇರಿಸಿತು. ಆದರೆ ಈ ಮಗುವಿನ ವಿಷಯದಲ್ಲಿ ಆ ಪ್ರಶ್ನೆಯೇ ಬೇರೆ ಕಡೆಗೆ ಹೋಗುತ್ತಿತ್ತು. ಡೆನ್ಮಾರ್ಕಿನ ಪ್ಲೇಡೆಡ್ ಕಂಪನಿ 2010ರಲ್ಲಿ ತಂದ ಈ ಆಟದಲ್ಲಿ ಏಟು ತಿನ್ನುವವನು ಆಡುವವನೇ. ತಂಗಿಯನ್ನೋ ಅಕ್ಕನನ್ನೋ ಹುಡುಕುತ್ತ ಕಾಡಿನಲ್ಲಿ ಹೊರಟ ಪುಟ್ಟ ಹುಡುಗ. ಬೋನಿಗೆ ಸಿಕ್ಕರೆ ತಲೆ ಹಾರುತ್ತದೆ, ದೈತ್ಯ ಜೇಡ ಕಾಲಿನಿಂದ ಇರಿಯುತ್ತದೆ. ಮಾತಿಲ್ಲ, ಸಮಾಧಾನ ಹೇಳುವವರಿಲ್ಲ. ಸತ್ತಷ್ಟೂ ಸಲ ಸ್ವಲ್ಪ ಹಿಂದಿನಿಂದ ಮತ್ತೆ ಶುರು. ಕಲಾಕೃತಿಯಾಗಿ ನನಗೆ ಅದರ ಮೇಲೆ ಗೌರವವಿದೆ. ಆಟಗಳಿಗೆ ವಯಸ್ಸಿನ ದರ್ಜೆ ಕೊಡುವ ಅಮೆರಿಕದ ಇಎಸ್‌ಆರ್‌ಬಿ ಅದಕ್ಕೆ ಕೊಟ್ಟಿರುವುದು ‘ಟೀನ್’ ದರ್ಜೆ, ಎಂದರೆ 13 ದಾಟಿದವರಿಗೆ.

ಹುಡುಗನೊಬ್ಬನನ್ನೇ ಕೂರಿಸಿಕೊಂಡು ಕ್ರೇಯಾನ್ ಕೊಟ್ಟೆ. ಬಹಳ ಹೊತ್ತಿನ ಮೇಲೆ ಬಾಯಿಬಿಟ್ಟ. “ಆಂಟಿ, ಜೇಡಕ್ಕೆ ಒಂದೇ ಕಾಲು ಉಳಿದಿತ್ತು. ಅದನ್ನೂ ನಾನೇ ಕಿತ್ತೆ. ಕೀಳದಿದ್ರೆ ಮುಂದೆ ಹೋಗಕ್ಕೆ ಆಗಲ್ಲ. ಅದು ಪಾಪ ಅಲ್ವಾ?”

ಹೆದರಿಕೆಯ ಕೆಳಗೆ ಇದೂ ಇತ್ತು. ಬಚ್ಚಲಲ್ಲಿ ಅವನಿಗಾಗಿ ಕಾದಿದ್ದುದು ಆ ಜೇಡ. ಇಷ್ಟು ದಿನ ಇದನ್ನು ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಟ್ಯಾಬ್ ಕಿತ್ತುಕೊಳ್ಳುತ್ತಾರೆಂಬ ಭಯ.

ಅಪ್ಪನಿಗೆ ಮೊದಲು ಒಂದು ಕೆಲಸ ಕೊಟ್ಟೆ: ರಾತ್ರಿ ದೀಪ ಆರಿಸಿ, ಇಯರ್‌ಫೋನ್ ಹಾಕಿಕೊಂಡು ಅರ್ಧ ಗಂಟೆ ನೀವೇ ಆಡಿ. ಮರುದಿನ ಫೋನ್ ಮಾಡಿ, “ತಪ್ಪು ನಂದೇ ಮೇಡಂ, ಚಿತ್ರ ನೋಡಿ ಬಿಟ್ಟುಬಿಟ್ಟಿದ್ದೆ” ಎಂದರು.

ಆಟ ತೆಗೆಯಿರಿ, ಆದರೆ ಶಿಕ್ಷೆಯಂತೆ ಅಲ್ಲ. ‘ಇದು ದೊಡ್ಡ ಮಕ್ಕಳದು, ನಾವು ಮೊದಲೇ ನೋಡಬೇಕಿತ್ತು’ ಎಂದು ಮಗನ ಎದುರಿಗೇ ಹೇಳಿ ಎಂದೆ. ಪ್ಲೇ ಸ್ಟೋರ್‌ನ ಪೇರೆಂಟಲ್ ಕಂಟ್ರೋಲ್‌ನಲ್ಲಿ ವಯಸ್ಸಿನ ಮಿತಿ ಹಾಕಿ ಪಿನ್ ಇಡಲು ತಿಳಿಸಿದೆ. ಅದೂ ಪೂರ್ತಿ ಕಾಯುವುದಿಲ್ಲ. ಹೊಸ ಆಟ ಬಂದಾಗ ರಕ್ತ ಎಷ್ಟಿದೆ ಎಂದಷ್ಟೇ ನೋಡಬೇಡಿ. ಪೆಟ್ಟು ಯಾರಿಗೆ ಬೀಳುತ್ತದೆ, ನೋವು ಕಾಣುತ್ತದೆಯೇ, ಮುಂದೆ ಹೋಗಲು ಮಗು ಏನು ಮಾಡಲೇಬೇಕು, ಇವನ್ನು ಆಡಿಯೇ ತಿಳಿಯಬೇಕು. ಮಲಗುವ ಒಂದು ಗಂಟೆ ಮುಂಚೆ ಯಾವ ಆಟವೂ ಬೇಡ. ಭಯ ಇಳಿಯದೆ ಊಟ, ಶಾಲೆ ಕೆಟ್ಟರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ, 14416ಕ್ಕೆ, ಕರೆ ಮಾಡಿ, ಇಲ್ಲವೇ ಮಕ್ಕಳ ಮನೋವೈದ್ಯರನ್ನು ಕಾಣಿ ಎಂದೂ ಹೇಳಿದೆ.

ಹುಡುಗನಿಗೆ ಹೇಳಿದ್ದು ಇಷ್ಟು: ಜೇಡಕ್ಕೆ ನಿಜವಾಗಿ ನೋವಾಗಿಲ್ಲ ಕಂದ, ಆದರೆ ನಿನಗೆ ಅಯ್ಯೋ ಅನ್ನಿಸಿತಲ್ಲ, ಅದು ಒಳ್ಳೆಯದೇ.

ಮೂರು ವಾರ ಬಿಟ್ಟು ಬಂದಾಗ ಒಂದು ಚಿತ್ರ ತಂದಿದ್ದ. ದೊಡ್ಡ ಜೇಡ, ಹಸಿರು ಬಣ್ಣ, ಎಂಟೂ ಕಾಲು ಇದ್ದವು. ಬಚ್ಚಲಿಗೆ ಈಗ ಒಬ್ಬನೇ ಹೋಗುತ್ತಾನಂತೆ, ಹೊರಗಿನ ಲೈಟ್ ಹಾಕಿರಬೇಕಷ್ಟೆ. ಇರಲಿ, ಹಾಕಿಯೇ ಇಡಿ ಎಂದೆ.