ಹಳೆಯ ಪೋರ್ಶೆ 911 ತಿರುವಿನಲ್ಲಿ ಹಿಂದಿನಿಂದ ಜಾರಿ ಸುತ್ತುವುದೇಕೆ? ತಡೆಯುವುದು ಹೇಗೆ?

ಈ ಕಾರಿನ ಇಂಜಿನ್ ಹಿಂದಿನ ಚಕ್ರಗಳಿಗಿಂತಲೂ ಹಿಂದೆ ಇದೆ. ಭಾರವೆಲ್ಲ ಜಾಸ್ತಿ ಅಲ್ಲೇ. ತಿರುವಿನ ನಡುವೆ ಹೆದರಿ ಆಕ್ಸಿಲರೇಟರ್‌ನಿಂದ ಥಟ್ಟನೆ ಕಾಲು ತೆಗೆದರೆ ಭಾರ ಮುಂದಕ್ಕೆ ವಾಲುತ್ತದೆ, ಹಿಂದಿನ ಟೈರುಗಳ ಹಿಡಿತ ಸಡಿಲವಾಗುತ್ತದೆ. ಆಗ ಇಂಜಿನ್ನಿನ ತೂಕವೇ ಹಿಂಬದಿಯನ್ನು ಹೊರಕ್ಕೆ ಎಳೆಯುತ್ತದೆ.

ಹಾಗಾಗಿ ಬ್ರೇಕ್ ಹಾಕುವುದನ್ನು ತಿರುವಿಗೆ ಮೊದಲೇ, ಕಾರು ನೇರವಾಗಿರುವಾಗಲೇ ಮುಗಿಸಿ. ತಿರುವಿನೊಳಗೆ ಆಕ್ಸಿಲರೇಟರ್ ಮೇಲೆ ಹದವಾಗಿ ಕಾಲು ಇರಲಿ. 1975ರಲ್ಲಿ ಬಂದ ಟರ್ಬೋ ಮಾದರಿಯಲ್ಲಿ ಇನ್ನೂ ಜಾಗ್ರತೆ ಬೇಕು. ಅದರಲ್ಲಿ ಒತ್ತಿದ ಕೂಡಲೇ ಏನೂ ಆಗುವುದಿಲ್ಲ, ಕೊಂಚ ತಡೆದು ಶಕ್ತಿ ಒಮ್ಮೆಲೇ ನುಗ್ಗುತ್ತದೆ. ಅಷ್ಟರಲ್ಲಿ ನೀವು ತಿರುವಿನ ಮಧ್ಯದಲ್ಲೇ ಇರಬಹುದು, ಅಲ್ವಾ?

ಜಾರಿಯೇಬಿಟ್ಟರೆ ಬ್ರೇಕ್ ತುಳಿಯಬೇಡಿ. ಹೋಗಬೇಕಾದ ಕಡೆ ನೋಡಿ. ಹಿಂಬದಿ ಎಡಕ್ಕೆ ಜಾರಿದರೆ ಸ್ಟೀರಿಂಗ್ ಕೂಡ ಎಡಕ್ಕೆ, ಬೇಗ. ಮುಖ್ಯವಾದದ್ದು ಇದರ ನಂತರ: ಹಿಡಿತ ಮರಳುತ್ತಿದ್ದಂತೆ ಸ್ಟೀರಿಂಗನ್ನು ಅಷ್ಟೇ ಬೇಗ ನೇರ ಮಾಡಿ. ತಡವಾದರೆ ಕಾರು ಇನ್ನೊಂದು ಬದಿಗೆ ಚಿಮ್ಮುತ್ತದೆ. ಮೊದಲ ಜಾರುವಿಕೆಯನ್ನು ಹಿಡಿದವರೂ ಎಷ್ಟೋ ಸಲ ಇಲ್ಲಿ ಸೋಲುತ್ತಾರೆ.

ಇನ್ನು ಕೈಮೀರಿತು ಅನ್ನಿಸಿದರೆ ಕ್ಲಚ್, ಬ್ರೇಕ್ ಎರಡನ್ನೂ ಪೂರ್ತಿ ಒತ್ತಿ. ಇದನ್ನೆಲ್ಲ ದಯವಿಟ್ಟು ಟ್ರ್ಯಾಕ್‌ನಲ್ಲಿ, ತರಬೇತುದಾರರ ಜೊತೆ ಅಭ್ಯಾಸ ಮಾಡಿ.