ಎಪಿಐಗೆ ಮಾನಿಟರಿಂಗ್ ಎಲ್ಲಿಂದ ಶುರು ಮಾಡಬೇಕು?

ಎಪಿಐ (ಒಂದು ಪ್ರೋಗ್ರಾಮ್ ಇನ್ನೊಂದರ ಕಡೆ ಮಾಹಿತಿ ಕೇಳೂ ದಾರಿ) ಸ್ಲೋ ಆಗಿದ್ದು ಮಂದಿ ಫೋನ್ ಮಾಡಿದ ಮ್ಯಾಲನ ಗೊತ್ತಾಗತೈತಿ, ಏನ್ ಮಾಡ್ಲಿ ಅಂತ ಕೇಳೀರಿ. ಮೊದಲ ಮೂರು ಅಳೀರಿ, ಸೆಕೆಂಡಿಗೆ ಎಷ್ಟು ರಿಕ್ವೆಸ್ಟ್ ಬರ್ತಾವು, ಅದ್ರಾಗ ಎರರ್ ಎಷ್ಟು, ಒಂದೊಂದಕ್ಕ ಎಷ್ಟು ಟೈಮ್ ಹಿಡೀತೈತಿ. ಪ್ರೊಮಿಥಿಯಸ್ (ಅಳತಿ ಕೂಡಿಸಿ ಇಡೂ ಸಾಫ್ಟ್‌ವೇರ್) ಲೈಬ್ರರಿ ಹಾಕಿ ಮೆಟ್ರಿಕ್ಸ್ ಎಂಡ್‌ಪಾಯಿಂಟ್ (ಈ ಅಳತಿ ತೋರಸೂ ವಿಳಾಸ) ಒಂದು ತೆಗದ್ರ ಪ್ರೊಮಿಥಿಯಸ್ 15 ಸೆಕೆಂಡಿಗೊಮ್ಮೆ ಬಂದು ಓದ್ಕೊಂಡ್ ಹೋಗೂ ಹಂಗ ಇಡಬಹುದು, ಗ್ರಾಫ್ ನೋಡಾಕ ಗ್ರಫಾನಾ ಸಾಕು.

ಸರಾಸರಿ ಮಾತ್ರ ನಂಬಬ್ಯಾಡ್ರಿ. 100 ರಿಕ್ವೆಸ್ಟಿನ್ಯಾಗ 94ಕ್ಕ 50 ಮಿಲಿಸೆಕೆಂಡ್, ಉಳದ 6ಕ್ಕ 5 ಸೆಕೆಂಡ್ ಹಿಡದ್ರ ಸರಾಸರಿ ಬರೇ 347 ಮಿಲಿಸೆಕೆಂಡ್, ಎಲ್ಲಾ ಚಲೋ ಐತಿ ಅನಸ್ತೈತಿ. ಪಿ95 (100ರಾಗ 95 ರಿಕ್ವೆಸ್ಟ್ ಎಷ್ಟು ಟೈಮಿನೊಳಗ ಮುಗದಾವು ಅನ್ನೂ ಲೆಕ್ಕ) ನೋಡಿದ್ರ 5 ಸೆಕೆಂಡ್ ಅಂತ ಕಣ್ಣಿಗೆ ಹೊಡೀತೈತಿ.

ನಾ ಹುಬ್ಬಳ್ಯಾಗ ಬ್ಯಾಡಗಿ ಮೆಣಸಿನಕಾಯಿ ರೇಟಿನ ಎಪಿಐ ನಡಸ್ತಿದ್ದೆ, ಮಾರ್ಕೆಟ್ ದಿನ ಮಧ್ಯಾಹ್ನ ಕುಂಟತಿತ್ತು, ನಾ ಎರಡು ದಿನ ಎಸ್‌ಕ್ಯೂಎಲ್ (ಡೇಟಾಬೇಸಿಗೆ ಕೇಳೂ ಕ್ವೆರಿ) ತಿದ್ದಕೋತ ಕುಂತೆ. ಓಪನ್‌ಟೆಲಿಮೆಟ್ರಿ ಅನ್ನೂ ಟೂಲ್ ಹಾಕಿ ಟ್ರೇಸ್ (ಒಂದು ರಿಕ್ವೆಸ್ಟಿಗೆ ಎಲ್ಲೆಲ್ಲಿ ಎಷ್ಟು ಟೈಮ್ ಹಿಡೀತು ಅನ್ನೂ ದಾಖಲೆ) ತೆಗದು ನೋಡಿದ್ರ ಕ್ವೆರಿಗೆ 30 ಮಿಲಿಸೆಕೆಂಡ್, ಡೇಟಾಬೇಸ್ ಕನೆಕ್ಷನ್ ಸಿಗೋತನಕ ಕಾಯೋದಕ್ಕನ 4 ಸೆಕೆಂಡ್! ರಿಪೋರ್ಟ್ ತೆಗಿಯೋ ಜಾಬ್ ಇಡೀ ಪೂಲ್ (ಕನೆಕ್ಷನ್‌ಗಳ ಗುಂಪು) ಹಿಡಕೊಂಡು ಕುಂತಿತ್ತು. ಅದಕ್ಕ ಟ್ರೇಸ್ ಐಡಿನ (ಆ ಟ್ರೇಸಿನ ಗುರುತು) ಲಾಗ್ ಫೈಲಿನ ಪ್ರತಿ ಸಾಲಿನ್ಯಾಗೂ ಹಾಕ್ರಿ, ಪಾಸ್‌ವರ್ಡ್, ಟೋಕನ್ ಮಾತ್ರ ಲಾಗ್ ಮಾಡಬ್ಯಾಡ್ರಿ.

ಇನ್ನೊಂದು, ಯೂಸರ್ ಐಡಿನ ಮೆಟ್ರಿಕ್ ಲೇಬಲ್ (ಅಳತಿಗೆ ಹಚ್ಚೂ ಗುರುತು) ಮಾಡಬ್ಯಾಡ್ರಿ, ಒಬ್ಬೊಬ್ರಿಗೂ ಬ್ಯಾರೆ ಸೀರೀಸ್ (ಅಳತಿಗಳ ಸಾಲು) ಹುಟ್ಟಿ ಮೆಮೊರಿ ತುಂಬತೈತಿ. ಅಲರ್ಟ್ ಸಿಪಿಯು ಮ್ಯಾಲ ಬ್ಯಾಡ, 5 ನಿಮಿಷ ಎರರ್ ಏರೇ ಇದ್ರ ಫೋನ್ ಬಾರಿಸ್ರಿ.